ದುಡ್ಡಿನ ಲೆಕ್ಕ ಬಿಟ್ಟರೆ ಯಾವ ಬೈಕು?

ದುಡ್ಡಿನ ಯೋಚನೆ ಬೇಡ, ಬೇಕಾದ ಬೈಕ್ ಆರಿಸಿಕೋ ಎಂದರೆ ನಮ್ಮ ಕಡೆಯ ಹುಡುಗರ ಬಾಯಿಗೆ ಮೊದಲು ಬರುವುದು ಸುಜುಕಿ ಹಯಬುಸಾ, ಆಮೇಲೆ ಡುಕಾಟಿ ಪ್ಯಾನಿಗಾಲೆ. ಸ್ವಲ್ಪ ವಯಸ್ಸಾದವರಾದರೆ ಹಾರ್ಲೆ. ಈ ಆಟ ನನಗೂ ಇಷ್ಟ, ಆದರೆ ಅದನ್ನು ಆಡುವ ರೀತಿಯ ಬಗ್ಗೆ ತಕರಾರಿದೆ. ದುಡ್ಡನ್ನು ಲೆಕ್ಕದಿಂದ ತೆಗೆದುಹಾಕಿದ ಮೇಲೂ ನಾವು ಬೆಲೆಯನ್ನೇ ಅಳತೆಗೋಲು ಮಾಡಿಕೊಂಡಿರುತ್ತೇವೆ. ಕೊಳ್ಳಲು ಸಾಧ್ಯವೇ ಇಲ್ಲದ್ದು ಯಾವುದೋ ಅದೇ ಕನಸಿನ ಬೈಕು. ಓಡಿಸುವ ದಾರಿ ಎಂಥದ್ದು, ಮಳೆಗಾಲ ಎಷ್ಟು ತಿಂಗಳು, ಕೆಟ್ಟರೆ ಬಿಚ್ಚುವವರು ಯಾರು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ.

ಉಡುಪಿ ಜಿಲ್ಲೆಯ ಕಡಲ ಬದಿಯ ನಮ್ಮೂರು ಎರ್ಮಾಳಿನಲ್ಲಿ ನಿಂತು ಹಯಬುಸಾವನ್ನು ತೂಗಿ ನೋಡೋಣ. 1340 ಸಿಸಿ ಎಂಜಿನ್, 260 ಕಿಲೋಗೂ ಮಿಕ್ಕ ತೂಕ, ಮೊದಲ ಗೇರಿನಲ್ಲೇ ಗಂಟೆಗೆ 100 ಕಿ.ಮೀ. ದಾಟುವ ತಾಕತ್ತು. ಅದನ್ನು ಕಟ್ಟಿದ ಎಂಜಿನಿಯರುಗಳಿಗೆ ನಮಸ್ಕಾರ. ಆದರೆ ನಮ್ಮೂರನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿದ್ದರೂ ಇಂಥ ರಸ್ತೆಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ 80. ಪಡುಬಿದ್ರಿ, ಎರ್ಮಾಳ್, ಉಚ್ಚಿಲ, ಕಾಪು ಒಂದಕ್ಕೊಂದು ಅಂಟಿಕೊಂಡ ಊರುಗಳು. ಮೀನಿನ ಕ್ರೇಟ್ ಕಟ್ಟಿಕೊಂಡ ಸ್ಕೂಟರು ರಾಂಗ್ ಸೈಡಿನಲ್ಲಿ ಎದುರಾಗಬಹುದು, ಮುಂದಿನ ಎಕ್ಸ್‌ಪ್ರೆಸ್ ಬಸ್ಸು ಕೈ ತೋರಿಸಿದಲ್ಲಿ ನಿಲ್ಲಬಹುದು. ಪಶ್ಚಿಮಕ್ಕೆ ತಿರುಗಿದರೆ ಕಡಲ ಬದಿಯ ಕಿರುದಾರಿ, ಅಲ್ಲಲ್ಲಿ ಮರಳು. ಆ ಎಂಜಿನ್ನಿನ ಕಾಲು ಭಾಗವನ್ನೂ ಇಲ್ಲಿ ಬಳಸಲಾಗದು. ಬಳಸಲಾಗದ ಶಕ್ತಿಯನ್ನು ದಿನವೂ ಹೊತ್ತು ತಿರುಗುವುದರಲ್ಲಿ ನನಗೆ ಸುಖ ಕಾಣುವುದಿಲ್ಲ.

ದುಬಾರಿ ಬೈಕುಗಳಲ್ಲಿ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚುವುದು ಬಿಎಂಡಬ್ಲ್ಯು ಆರ್ 1250 ಜಿಎಸ್ ಒಂದೇ. ಅದಕ್ಕೆ ಚೈನ್ ಇಲ್ಲ, ಹಿಂದಿನ ಚಕ್ರವನ್ನು ತಿರುಗಿಸುವುದು ಶಾಫ್ಟ್. ಉಪ್ಪುಗಾಳಿಯ ಊರಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಚೈನು, ಸ್ಪೋಕು, ನಟ್ಟುಗಳಿಗೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಆದರೂ ಸುಮಾರು 250 ಕಿಲೋ ತೂಗುವ, ಸೀಟೇ 85 ಸೆಂಟಿಮೀಟರ್ ಎತ್ತರದಲ್ಲಿರುವ ಆ ಗಾಡಿ ಜುಲೈ ತಿಂಗಳ ಕೆಸರಲ್ಲಿ ಮಗ್ಗುಲಾದರೆ ಒಬ್ಬನೇ ಎತ್ತಿ ನಿಲ್ಲಿಸುವುದು ಕಷ್ಟ. ಕಂಪ್ಯೂಟರ್ ಜೋಡಿಸದೆ ಅದರ ದೋಷ ಪತ್ತೆಯಾಗುವುದೂ ಇಲ್ಲ.

ನನ್ನ ಆಯ್ಕೆ ಮೈಸೂರಿನಲ್ಲಿ ಹುಟ್ಟಿದ್ದು: ಯೆಜ್ದಿ ರೋಡ್‌ಕಿಂಗ್.

ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕ್ ದೇಶದ ಜಾವಾ ಬೈಕುಗಳನ್ನು ಕಟ್ಟತೊಡಗಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಟ್ಯಾಂಕಿನ ಮೇಲೆ ಯೆಜ್ದಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್. 250 ಸಿಸಿಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು, 16 ಅಶ್ವಶಕ್ತಿ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಎಂಜಿನ್ ಹಿಡಿದುಕೊಂಡ ಕೂಡಲೇ ಕಾಲಿನಿಂದ ತಟ್ಟಿ ಮತ್ತೆ ಗೇರಿನ ಜಾಗಕ್ಕೆ ಕೂರಿಸಬೇಕು. ಒಂದೇ ಲಿವರು ಎರಡು ಕೆಲಸ ಮಾಡುವ ಈ ಜಾಣ್ಮೆ ನೋಡಿದಾಗಲೆಲ್ಲ ಸಂತೋಷವಾಗುತ್ತದೆ. ಈ ಕುಲದ ಗಾಡಿಗಳ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಓಡುತ್ತದೆ, ಕಡಲ ಮರಳಿಗೂ ಮಳೆಯ ರಾಡಿಗೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಜರ್ಮನಿಯವರು ಶಾಫ್ಟಿನಿಂದ ಬಿಡಿಸಿದ ಸಮಸ್ಯೆಯನ್ನು ಬಹುಪಾಲು ಇಲ್ಲಿ ಒಂದು ತಗಡು ಬಿಡಿಸಿದೆ.

ರಿಪೇರಿಯ ವಿಷಯವಂತೂ ಬೇರೆಯೇ ಲೋಕ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಪ್ಲಗ್ ಬಿಚ್ಚಿ ಒರೆಸು, ಪಾಯಿಂಟ್ ಉಜ್ಜು, ಕಾರ್ಬುರೇಟರ್ ತೊಳೆ. ಅರ್ಧ ಕಾಯಿಲೆ ಇಷ್ಟರಲ್ಲೇ ವಾಸಿ. ಟೂ ಸ್ಟ್ರೋಕ್ ಆದ್ದರಿಂದ ಸೈಲೆನ್ಸರಿನೊಳಗೆ ಕರಿ ಕಟ್ಟುತ್ತದೆ. ಒಳಗಿನ ಕೊಳವೆಯನ್ನು ಹೊರಗೆಳೆದು ಸುಟ್ಟು ಕೆರೆದು ಕೂರಿಸಿದರೆ ದನಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಸವಾರನೇ ಕಲಿಯಬಹುದು, ಕಲಿತವನಿಗೆ ಗಾಡಿಯ ಸಪ್ಪಳದಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ಇಂಥ ಬಳಕೆ ಬೆಳೆಯಲು ಎಡೆ ಕೊಡದ ಯಂತ್ರ ಎಷ್ಟು ಬೆಲೆಯದಾದರೂ ನನಗೆ ದೂರದ ನೆಂಟನಂತೆಯೇ ಉಳಿಯುತ್ತದೆ.

ಹಾಗೆಂದು ರೋಡ್‌ಕಿಂಗ್ ದೋಷವಿಲ್ಲದ ಗಾಡಿಯಲ್ಲ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್, ನೀರು ಹೊಕ್ಕರೆ ಹಿಡಿತ ಹೋಗುತ್ತದೆ. ಪೆಟ್ರೋಲ್ ಕುಡಿಯುತ್ತದೆ, ಹೊಗೆ ಉಗುಳುತ್ತದೆ. 1985ರ ಆಸುಪಾಸಿನಲ್ಲಿ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದ ಮೇಲೆ ಮೈಲೇಜಿನಲ್ಲಾಗಲಿ ಚುರುಕಿನಲ್ಲಾಗಲಿ ಅದು ಹೊಸಬರಿಗೆ ಸರಿಸಾಟಿಯಾಗಲಿಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಘಾಟಿ ಇಳಿಯುವಾಗ ಅದರ ಇನ್ನೊಂದು ಕೊರತೆ ಹೊರಬೀಳುತ್ತದೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಯೆಜ್ದಿ ಖುಷಿಯಾಗಿ ಹತ್ತುತ್ತದೆ. ಇಳಿಯುವಾಗ ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ತಡೆದು ಹಿಡಿಯುವುದು ಬಹಳ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಅದಕ್ಕಿಂತ ಮುಖ್ಯ, ಈ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನಲ್ಲಿ ಬೆರೆತು. ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಗೇರಿನಲ್ಲೇ ಉದ್ದಕ್ಕೆ ಇಳಿದರೆ ಪಿಸ್ಟನ್ನಿಗೆ ಸಾಕಷ್ಟು ಎಣ್ಣೆ ಸಿಗದು, ಜಾಮ್ ಆಗಬಹುದು. ಬಲ್ಲವರು ನಡುನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿಗೆ ಎಣ್ಣೆ ಉಣಿಸುತ್ತಲೇ ಇಳಿಯುತ್ತಾರೆ.

2022ರಲ್ಲಿ ಯೆಜ್ದಿ ಹೆಸರು ಮರಳಿ ಬಂತು. 334 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಡಿಸ್ಕ್ ಬ್ರೇಕ್, ಎಬಿಎಸ್. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ದಿನಾ ಉಡುಪಿಗೋ ಮಣಿಪಾಲಕ್ಕೋ ಕೆಲಸಕ್ಕೆ ಹೋಗುವವರು ಕೇಳಿದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ, ಘಾಟಿಯಲ್ಲೂ ಅದರ ಬ್ರೇಕ್ ಹೆಚ್ಚು ನಂಬಿಕೆಯದು. ಆದರೆ ಅದರ ಒಳಗೆ ಹಳೆಯ ಯೆಜ್ದಿಯ ಯಾವ ಗುಣವೂ ಇಲ್ಲ. ಎರಡು ಕೆಲಸದ ಲಿವರೂ ಇಲ್ಲ, ಮುಚ್ಚಿದ ಚೈನೂ ಇಲ್ಲ.

ದುಡ್ಡಿಗೆ ಮಿತಿಯಿಲ್ಲ ಎಂಬ ವರವನ್ನು ಖರ್ಚು ಮಾಡಬೇಕಾದ್ದು ಹಳೆಯ ರೋಡ್‌ಕಿಂಗ್ ಒಂದನ್ನು ಮತ್ತೆ ಸರಿಯಾಗಿ ಕಟ್ಟಿಸುವುದಕ್ಕೇ ಎಂದು ನನ್ನ ವಾದ. ಕ್ರ್ಯಾಂಕ್ ಬಿಚ್ಚಿಸಿ ಹೊಸ ಬೇರಿಂಗ್, ಹೊಸ ಕನೆಕ್ಟಿಂಗ್ ರಾಡ್ ಹಾಕಿಸಬೇಕು. ಬೋರ್ ಮಾಡಿಸಿ ಅಳತೆಗೆ ಸರಿಯಾದ ಪಿಸ್ಟನ್ ಕೂರಿಸಬೇಕು. ಡ್ರಮ್‌ಗಳನ್ನು ಲೇತಿಗೆ ಕೊಟ್ಟು ದುಂಡಗೆ ಮಾಡಿಸಿ, ಶೂಗಳಿಗೆ ಒಳ್ಳೆಯ ಲೈನಿಂಗ್ ಹಾಕಿಸಬೇಕು. ಕ್ರೋಮನ್ನು ಥಳಥಳಿಸುವ ಒಂದು ಪದರದಲ್ಲಿ ಮುಗಿಸದೆ, ಕೆಳಗೆ ದಪ್ಪನೆಯ ನಿಕ್ಕಲ್ ಕೊಟ್ಟು ಮಾಡಿಸಬೇಕು. ಇಲ್ಲದಿದ್ದರೆ ನಮ್ಮ ಗಾಳಿಗೆ ಅದು ಬೇಗನೆ ಎದ್ದುಬರುತ್ತದೆ. ಅವಸರಪಡಿಸದೆ, ಚೌಕಾಸಿ ಮಾಡದೆ ಒಬ್ಬ ಒಳ್ಳೆಯ ಮೇಸ್ತ್ರಿಗೆ ಕೇಳಿದಷ್ಟು ಕೂಲಿ, ಕೇಳಿದಷ್ಟು ಸಮಯ ಕೊಡುವುದು ದೊಡ್ಡ ಶ್ರೀಮಂತಿಕೆ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಗಾಡಿಗಳು ಸಾಲಾಗಿ ಹೊರಬರುತ್ತವೆ. ಕೊಳ್ಳಬಯಸುವವರು ಅಲ್ಲಿಗೆ ಹೋಗಿ ಸಪ್ಪಳ ಕೇಳಿ, ಮಾಲೀಕರನ್ನು ಮಾತಾಡಿಸಿ ಬರಬೇಕು. ಹಾಗೆಯೇ ಕಾಗದಪತ್ರವನ್ನೂ ಮೊದಲೇ ನೋಡಬೇಕು. ಎಂಜಿನ್ ನಂಬರು, ಚಾಸಿಸ್ ನಂಬರು ಆರ್‌ಸಿಗೆ ತಾಳೆಯಾಗಬೇಕು, 15 ವರ್ಷ ಮೀರಿದ ಗಾಡಿಯಾದ್ದರಿಂದ ನೋಂದಣಿ ನವೀಕರಣ ಆಗಿರಬೇಕು. ಅದಿಲ್ಲದ ರೋಡ್‌ಕಿಂಗ್ ಎಷ್ಟೇ ಚೆಂದವಿದ್ದರೂ ನಾನು ಮುಟ್ಟುವುದಿಲ್ಲ.