ಮಂಜರಾಬಾದಿನ ಮೆಟ್ಟಿಲುಗಳು, ಮಾರ್ಗದರ್ಶಿಯ ಮಾತುಗಳು



ಮಂಗಳೂರಿನಿಂದ ಶಿರಾಡಿ ಘಾಟಿಯನ್ನೇರಿ ಬರುವಾಗ, ಸಕಲೇಶಪುರ ಇನ್ನೈದಾರು ಕಿಲೋಮೀಟರ್ ಇರುವಂತೆಯೇ, ದೋಣಿಗಾಲಿನ ಬಳಿ ಹೆದ್ದಾರಿಯ ಮಗ್ಗುಲಲ್ಲಿ ಒಂದು ಗುಡ್ಡ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಮದುವೆ, ಜ್ಞಾನಸ್ನಾನ, ಶವಸಂಸ್ಕಾರಗಳಿಗೆಂದು ಘಟ್ಟ ಹತ್ತಿ ಇಳಿಯುವ ನಮ್ಮ ಕುಟುಂಬಗಳು ಆ ಗುಡ್ಡವನ್ನು ನೂರಾರು ಸಲ ದಾಟಿವೆ. ಹತ್ತಿ ನೋಡಿದವರು ಕಡಿಮೆ. ಅದರ ನೆತ್ತಿಯ ಮೇಲಿರುವುದೇ ಮಂಜರಾಬಾದ್ ಕೋಟೆ.

ಪುಸ್ತಕವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ. ಮಾರ್ಗದರ್ಶಿಯೊಬ್ಬನ ಹಿಂದೆ ಎರಡು ಗಂಟೆ ನಡೆದು ಕೇಳಿದ ಚರಿತ್ರೆಯನ್ನೇಕೆ ವಿಮರ್ಶಿಸಬಾರದು? ಪಠ್ಯಪುಸ್ತಕದ ಚರಿತ್ರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಕಲ್ಲಿನ ಮೇಲೆ ಕೈಯಿಟ್ಟು ಕೇಳಿದ ಮಾತು ಮಾತ್ರ ಮಗುವಿನೊಡನೆ ಮನೆಗೆ ಬರುತ್ತದೆ, ಊಟದ ಹೊತ್ತಿನಲ್ಲಿ ಅಜ್ಜಿಗೆ ವರದಿಯಾಗುತ್ತದೆ. ಆದ್ದರಿಂದ ಧರ್ಮೋಪದೇಶ ತರಗತಿಯ ಮಕ್ಕಳನ್ನೂ ಕೆಲವು ಪೋಷಕರನ್ನೂ ಕರೆದುಕೊಂಡು ಆ ಕೋಟೆಗೆ ಹೋಗಿಬಂದ ಮೇಲೆ, ಅಲ್ಲಿ ನಮಗೆ ಹೇಳಲಾದದ್ದನ್ನೂ ಹೇಳದೆ ಉಳಿದದ್ದನ್ನೂ ನಿಮ್ಮ ಮುಂದಿಡಬೇಕೆನಿಸಿತು.

ಮೊದಲು ಮೆಚ್ಚುಗೆ. ನಮಗೆ ಜೊತೆಯಾದ ಯುವಕ ಸ್ಥಳೀಯನೇ, ಮಾತುಗಾರ, ಮಕ್ಕಳ ಬಗ್ಗೆ ತಾಳ್ಮೆಯುಳ್ಳವನು. 250ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿಸುವಾಗ ಏದುಸಿರು ಬಿಡುತ್ತಿದ್ದ ತಾಯಂದಿರಿಗಾಗಿ ಅಲ್ಲಲ್ಲಿ ನಿಂತ. ಮೇಲೆ ಹೋದ ನಂತರ ಎಂಟು ಮೂಲೆಗಳ ನಕ್ಷತ್ರಾಕಾರದ ಆ ಕೋಟೆಯ ಮರ್ಮವನ್ನು ಅವನು ವಿವರಿಸಿದ ರೀತಿ ನನ್ನ ಗುರುಮಠದ ಅಧ್ಯಾಪಕರಿಗೂ ಒಪ್ಪಿಗೆಯಾಗುತ್ತಿತ್ತು. ಚೌಕ ಕೋಟೆಯ ಗೋಡೆಯ ಬುಡಕ್ಕೆ ಅಂಟಿಕೊಂಡ ಶತ್ರುವಿಗೆ ಮೇಲಿನಿಂದ ಗುರಿಯಿಡುವುದು ಕಷ್ಟ. ಆದರೆ ಗೋಡೆ ನಕ್ಷತ್ರದಂತೆ ಚಾಚಿ ಮಡಿಸಿಕೊಂಡಿದ್ದರೆ ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆ ಕಾಯುತ್ತದೆ. ಬಂದೂಕಿನ ಕಣ್ಣಿಗೆ ಮರೆಯಾದ ಜಾಗವೇ ಉಳಿಯುವುದಿಲ್ಲ. ಇಬ್ಬರು ಹುಡುಗರನ್ನು ಎರಡು ಮೂಲೆಗಳಲ್ಲಿ ನಿಲ್ಲಿಸಿ, ಮೂರನೆಯವನನ್ನು ಅಡಗಿಕೊಳ್ಳಲು ಕಳುಹಿಸಿ, ಇದನ್ನು ಅವನು ಆಟದಂತೆ ತೋರಿಸಿಕೊಟ್ಟ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ವೋಬಾನ್ ಪರಿಪೂರ್ಣಗೊಳಿಸಿದ ಈ ವಿದ್ಯೆ, ಟಿಪ್ಪು ಸುಲ್ತಾನನಿಗೆ ಫ್ರೆಂಚರೊಡನಿದ್ದ ಸ್ನೇಹದ ಮೂಲಕ ನಮ್ಮ ಮಲೆನಾಡಿನ ಗುಡ್ಡಕ್ಕೆ ಬಂದು 1792ರ ಹೊತ್ತಿಗೆ ಕಲ್ಲಾಗಿ ನಿಂತಿತು. ಮಂಗಳೂರಿನ ಬಂದರಿನಿಂದ ಶ್ರೀರಂಗಪಟ್ಟಣಕ್ಕೆ ಏರಿಬರುವ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ತಕ್ಕ ಜಾಗವಿಲ್ಲ. ಮಂಜು ಮುಸುಕಿದ್ದನ್ನು ಕಂಡು ಸುಲ್ತಾನನೇ ಮಂಜರಾಬಾದ್ ಎಂದು ಹೆಸರಿಟ್ಟನೆಂಬ ಮಾತನ್ನು ನಾವು ಕೇಳುವ ಹೊತ್ತಿಗೆ ಮಂಜೂ ಬಂದು ಸಾಕ್ಷಿ ನುಡಿಯಿತು.

ತೊಡಕು ಶುರುವಾದದ್ದು ಕೋಟೆಯ ನಡುವಣ ಕೊಳದ ಬಳಿ. ನಾಲ್ಕು ಕಡೆಯಿಂದ ಇಳಿಜಾರು ಹಾದಿಗಳು ನೀರಿನತ್ತ ಸೇರುವುದರಿಂದ ಮೇಲಿನಿಂದ ನೋಡಿದರೆ ಅದು ಶಿಲುಬೆಯಂತೆ ಕಾಣುತ್ತದೆ. ನನ್ನ ಕೊರಳಿನ ಶಿಲುಬೆಯನ್ನೊಮ್ಮೆ ನೋಡಿದ ಯುವಕ, ಇದು ಇಲ್ಲಿ ದುಡಿದ ಕ್ರೈಸ್ತ ಸೆರೆಯಾಳುಗಳು ಗುಟ್ಟಾಗಿ ಬಿಟ್ಟುಹೋದ ಗುರುತೆಂದು ಹೇಳಿಬಿಟ್ಟ. ನಮ್ಮ ತಾಯಂದಿರು ಶಿಲುಬೆಯ ಗುರುತು ಮಾಡಿಕೊಂಡರು. ನನಗೂ ಒಂದು ಕ್ಷಣ ಮೈ ಜುಮ್ಮೆಂದಿತೆಂದು ಒಪ್ಪಿಕೊಳ್ಳಬೇಕು. ಆದರೆ ಅರ್ಧ ಗಂಟೆಯ ಮೇಲೆ, ಮದ್ದಿನ ಕೋಣೆಯ ತಂಪಿನಲ್ಲಿ ನಾನು ಕುಳಿತಿದ್ದಾಗ, ಅದೇ ದನಿ ಇನ್ನೊಂದು ತಂಡಕ್ಕೆ ಅದೇ ಕೊಳವನ್ನು ಬೇರೆಯೇ ಕಥೆಯಾಗಿ ಹೇಳುತ್ತಿರುವುದು ಕೇಳಿಸಿತು. ಅಲ್ಲಿ ಶಿಲುಬೆಯಿರಲಿಲ್ಲ, ಸೆರೆಯಾಳುಗಳೂ ಇರಲಿಲ್ಲ. ಶೂರ ಸುಲ್ತಾನನಿದ್ದ, ಶ್ರೀರಂಗಪಟ್ಟಣದವರೆಗಿನ ಸುರಂಗವಿತ್ತು.

ನಾಲ್ಕು ಕಡೆಯಿಂದ ಸೈನಿಕರು ನೀರಿಗಿಳಿಯಬೇಕಾದರೆ ನಾಲ್ಕು ಹಾದಿಗಳು ಬೇಕು. ಆ ನಾಲ್ಕು ಹಾದಿಗಳು ಕೂಡಿದಲ್ಲಿ ಶಿಲುಬೆಯ ಆಕಾರ ಮೂಡುವುದು ರೇಖಾಗಣಿತ, ಸಾಕ್ಷ್ಯವಲ್ಲ. ಇನ್ನು ನಮ್ಮ ಪೂರ್ವಜರ ಸೆರೆಯ ಮಾತು. ಅದು ನಡೆದದ್ದು 1784ರ ವಿಭೂತಿ ಬುಧವಾರದಂದು, ಈ ಕೋಟೆ ಏಳುವುದಕ್ಕೆ ಸುಮಾರು ಎಂಟು ವರ್ಷ ಮೊದಲು. ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ದಾರಿಯಾದರೂ ನಮ್ಮ ಪರಂಪರೆಯ ಕಥನಗಳ ಪ್ರಕಾರ ಕೊಡಗಿನ ಮೂಲಕ, ಸಕಲೇಶಪುರದ ಮೂಲಕವಲ್ಲ. ಎಷ್ಟು ಜನ? ನಮ್ಮ ಮಾರ್ಗದರ್ಶಿ ಒಂದು ಲಕ್ಷವೆಂದ. ಆ ಕಾಲಕ್ಕೆ ಹತ್ತಿರದವರಾಗಿ ಬರೆದವರಲ್ಲಿ ಸ್ವತಃ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ, ಅಬ್ಬೆ ದ್ಯುಬುವಾ 60,000 ಎನ್ನುತ್ತಾರೆ, ಬುಕಾನನ್ 70,000 ಎನ್ನುತ್ತಾನೆ. ಇದರಲ್ಲಿ ಅತಿ ಚಿಕ್ಕ ಸಂಖ್ಯೆಯೂ ಎದೆ ನಡುಗಿಸಲು ಸಾಕು. ಅದನ್ನು ಹಿಗ್ಗಿಸುವವರು ನಮ್ಮ ಹಿರಿಯರ ನೋವಿಗೆ ಉಪಕಾರ ಮಾಡುತ್ತಿಲ್ಲ.

ಇಳಿಯುವಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಗಟ್ಟಿಯಾಗಿ ಕೇಳಿದಳು: "ಫಾದರ್, ನಮ್ಮವರನ್ನು ಹಿಡಿದುಕೊಂಡು ಹೋದವರು ಈಗಲೂ ಇದ್ದಾರಾ?" ಅವಳ ಹಿಂದೆ ಎರಡು ಮೆಟ್ಟಿಲ ಅಂತರದಲ್ಲಿ, ಪುಟ್ಟ ಮಗುವೊಂದನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿಯುತ್ತಿದ್ದವರು ನಮ್ಮ ವಾಹನದ ಚಾಲಕರು. ಹದಿನೈದು ವರ್ಷಗಳಿಂದ ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಪ್ರವಾಸಕ್ಕೂ ಬರುವ ಮುಸಲ್ಮಾನ ಸಹೋದರ. ಅವರು ತಲೆಯೆತ್ತಲಿಲ್ಲ. ಮಗುವಿನ ಕಾಲಿನ ಚಪ್ಪಲಿಯನ್ನು ಸರಿಪಡಿಸಿದರು.

ಆ ಪ್ರಶ್ನೆಯ ಹೊಣೆಯನ್ನು ಮಾರ್ಗದರ್ಶಿಯ ತಲೆಗೆ ಕಟ್ಟುವುದು ಸುಲಭ. ಆದರೆ ಅವನು ಕೇಳುಗರ ಮುಖ ನೋಡಿ ಕಥೆ ಕಟ್ಟುವವನು. ನಮ್ಮ ಮುಖದಲ್ಲಿ ಅವನು ಏನನ್ನು ಓದಿದನೆಂಬುದೇ ನನ್ನನ್ನು ಕಾಡಿದ್ದು. ಗುರುಪಟ್ಟ ಪಡೆದ ಮೊದಲ ವರ್ಷಗಳಲ್ಲಿ ನಾನೂ ತಪಸ್ಸುಕಾಲದ ಪ್ರಬೋಧನೆಗಳಲ್ಲಿ ಆ ಸೆರೆಯನ್ನು ವರ್ಣಿಸಿದ್ದೇನೆ. ಮುರಿದ 27 ದೇವಾಲಯಗಳು, ಬೇರ್ಪಟ್ಟ ಕುಟುಂಬಗಳು, ಹಾದಿಯಲ್ಲಿ ಬಿದ್ದ ವೃದ್ಧರು. ಜನರ ಕಣ್ಣಲ್ಲಿ ನೀರು ಬಂದಾಗ ನನ್ನ ಮಾತು ಫಲಿಸಿತೆಂದುಕೊಂಡೆ. ಅದು ಯುದ್ಧಕಾಲದ ಪ್ರತೀಕಾರವಾಗಿತ್ತೆಂಬುದನ್ನೂ, 1783ರಲ್ಲಿ ಇಂಗ್ಲಿಷರು ಕರಾವಳಿಗೆ ದಂಡೆತ್ತಿ ಬಂದಾಗ ನಮ್ಮವರು ಅವರಿಗೆ ನೆರವಾದರೆಂಬುದೇ ಹೊರಿಸಿದ ಆರೋಪವೆಂಬುದನ್ನೂ, ಆ ಆರೋಪ ಪೂರ್ತಿ ಕಟ್ಟುಕಥೆಯೆನ್ನಲು ಚರಿತ್ರಕಾರರು ಸಿದ್ಧರಿಲ್ಲವೆಂಬುದನ್ನೂ ನಾನು ಹೇಳುತ್ತಿರಲಿಲ್ಲ. ಕೊಡವರೂ ಮಲಬಾರಿನ ನಾಯರರೂ ಅದೇ ಗತಿಗೆ ಈಡಾದದ್ದನ್ನೂ ಹೇಳುತ್ತಿರಲಿಲ್ಲ. ಕೆಲವರ ಮೇಲಿನ ಸಂಶಯಕ್ಕಾಗಿ ಹಾಲುಗಲ್ಲದ ಕೂಸುಗಳನ್ನೂ ನಡೆಸಿಕೊಂಡು ಹೋದದ್ದು ಘೋರ ಅನ್ಯಾಯವೇ; ಕಾರಣ ತಿಳಿದ ಮಾತ್ರಕ್ಕೆ ಅದು ಹಗುರವಾಗುವುದಿಲ್ಲ. ಆದರೆ ಕಾರಣವಿಲ್ಲದೆ ಹೇಳಿದ ನೋವು ಕೇಳುವವನ ಎದೆಯಲ್ಲಿ ಶತ್ರುವನ್ನು ಹುಡುಕತೊಡಗುತ್ತದೆ. ಆ ಹುಡುಗಿಯ ಪ್ರಶ್ನೆಯ ಅರ್ಧದಷ್ಟು ನನ್ನದೇ ಪ್ರಬೋಧನಾಪೀಠದಿಂದ ಬಂದದ್ದಿರಬೇಕು.

ಇರಲಿ. ನನ್ನ ದೊಡ್ಡ ತಕರಾರು ಬೇರೆ. ನಮ್ಮ ಸೆರೆಯ ಕಥೆಯನ್ನು ಈ ಗುಡ್ಡಕ್ಕೆ ಎಳೆದುತಂದ ಯುವಕ, ಈ ಗುಡ್ಡದ್ದೇ ಆದ ಯುದ್ಧದ ಕಥೆಯನ್ನು ಒಂದು ಸಾಲೂ ಹೇಳಲಿಲ್ಲ.

ಮಂಜರಾಬಾದ್ ಎಂಬ ಹೆಸರು ಬರುವ ಮೊದಲು ಈ ಸೀಮೆ ಬಲಂ. ಐಗೂರಿನ ನಾಯಕರು ಇದನ್ನು ಆಳುತ್ತಿದ್ದರು. ಮೂರನೆಯ ಮೈಸೂರು ಯುದ್ಧದ ಕೊನೆಯ ಘಟ್ಟದಲ್ಲಿ, ಶ್ರೀರಂಗಪಟ್ಟಣದತ್ತ ಸಾಗುತ್ತಿದ್ದ ಮರಾಠಾ ದಂಡನಾಯಕ ಪರಶುರಾಮ ಭಾವುವನ್ನು ಕೃಷ್ಣಪ್ಪ ನಾಯಕ ಸೇರಿಕೊಂಡ. ಅದೇ ಯುದ್ಧದಲ್ಲಿ, 1791ರಲ್ಲಿ, ಮರಾಠಾ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಮರುಪ್ರತಿಷ್ಠೆಗೆ ನೆರವು ಕಳುಹಿಸಿ ಸ್ವಾಮಿಗಳಿಗೆ ಪತ್ರ ಬರೆದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಪ್ರಾಕ್ತನ ವಿದ್ವಾಂಸ ಆರ್. ನರಸಿಂಹಾಚಾರ್ಯರು. ಯಾರು ಯಾರ ಪಕ್ಷವೆಂದು ಗೆರೆ ಎಳೆಯಹೊರಟರೆ ಗೆರೆಯೇ ಸಿಕ್ಕುಸಿಕ್ಕಾಗುವ ಕಾಲವದು.

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟ. ಹೆದರಿದ ಕೃಷ್ಣಪ್ಪ ನಾಯಕ ಕೊಡಗಿಗೆ ಓಡಿದ. ಸುಲ್ತಾನ ಅವನನ್ನು ಕರೆಸಿಕೊಂಡು ಐಗೂರು ಸೀಮೆಯನ್ನಷ್ಟೇ ಬಿಟ್ಟುಕೊಟ್ಟು, ಬಲಮಿನ ಉಳಿದ ಭಾಗವನ್ನು ಮೈಸೂರಿಗೆ ಸೇರಿಸಿಕೊಂಡ. ಹಾಗೆ ನೋಡಿದರೆ ಈ ನಕ್ಷತ್ರದ ಕೋಟೆಯ ಫಿರಂಗಿಗಳು ಸಮುದ್ರದಿಂದ ಬರುವ ಇಂಗ್ಲಿಷರನ್ನು ಮಾತ್ರವಲ್ಲ, ಸುತ್ತಲಿನ ಹಳ್ಳಿಗಳನ್ನೂ ನೋಡುತ್ತಿದ್ದವೆಂದು ನನಗೆ ತೋರುತ್ತದೆ.

1799ರ ಮೇ ತಿಂಗಳಲ್ಲಿ ಟಿಪ್ಪು ಮಡಿದ. ನಮ್ಮ ಮಾರ್ಗದರ್ಶಿಯ ಯುದ್ಧ ಅಲ್ಲಿಗೆ ಮುಗಿಯಿತು. ಈ ಬೆಟ್ಟಗಳಲ್ಲಿ ಮುಗಿಯಲಿಲ್ಲ. ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕ ಹೊಸ ದೊರೆತನಕ್ಕೆ ತಲೆಬಾಗದೆ ಕಾಡನ್ನು ನೆಚ್ಚಿ ನಿಂತ. ಅವನನ್ನು ಅಡಗಿಸಲು 1802ರ ಜನವರಿಯಲ್ಲಿ ಸೈನ್ಯದೊಡನೆ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾದ ಅದೇ ವೆಲ್ಲಿಂಗ್ಟನ್ ಡ್ಯೂಕ್. ಅರಕೆರೆಯ ಕಾಡಿನ ಠಾಣೆ ಬಿದ್ದಿತು. ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಲಂಡನ್ನಿನಲ್ಲಿ ಆ ಡ್ಯೂಕನ ಮನೆಯನ್ನು ಪ್ರವಾಸಿಗರು ಇಂದಿಗೂ ಟಿಕೆಟ್ ಕೊಂಡು ನೋಡುತ್ತಾರೆ. ಅವನು ಗಲ್ಲಿಗೇರಿಸಿದವನ ಸೀಮೆಯಲ್ಲಿಯೇ ನಿಂತ ನಮಗೆ ಗಲ್ಲಿಗೇರಿದವನ ಹೆಸರನ್ನು ಯಾರೂ ಹೇಳಲಿಲ್ಲ. ನಾಲ್ಕು ದಶಕಗಳ ನಂತರ ಕಾಫಿ ತೋಟಗಳು ಬಂದವು, ತೋಟಗಳ ಹಿಂದೆ ಕೂಲಿಗೂ ಬರವಣಿಗೆಯ ಕೆಲಸಕ್ಕೂ ಘಟ್ಟ ಹತ್ತಿದ ನಮ್ಮ ಅಜ್ಜಂದಿರೂ ಬಂದರು. ನಾವು ಮನೆ ಕಟ್ಟಿದ ನೆಲ ಯಾರದೆಂದು ಕೇಳುವ ಅಭ್ಯಾಸ ನಮಗಿರಲಿಲ್ಲ.

ಶ್ರೀರಂಗಪಟ್ಟಣದ ಮಾರ್ಗದರ್ಶನದಲ್ಲೂ ಈ ಕೊರತೆ ಕಂಡಿದ್ದೇನೆ. ಕರ್ನಲ್ ಬೈಲಿಯ ಸೆರೆಮನೆಯನ್ನು ತೋರಿಸುತ್ತಾರೆ, ಇಂಗ್ಲಿಷ್ ಸೆರೆಯಾಳುಗಳ ಕೈಗಳನ್ನು ಬಿಗಿದಿದ್ದರೆಂಬ ಕಲ್ಲುಗಳನ್ನು ಮುಟ್ಟಿಸುತ್ತಾರೆ. ಹೆಸರು ಬರೆದಿಡುವವರಿಲ್ಲದ ಸಾವಿರಾರು ದೇಶೀಯ ಸೆರೆಯಾಳುಗಳು ಮಾತ್ರ ಒಂದು ವಾಕ್ಯದಲ್ಲೂ ಬರುವುದಿಲ್ಲ. 1799ರ ನಂತರ ಅವರಲ್ಲಿ ಬದುಕುಳಿದ ಕ್ರೈಸ್ತರ ನಡುವೆ ದುಡಿದ, ಸಿಡುಬಿನ ಚುಚ್ಚುಮದ್ದನ್ನು ನಮ್ಮ ನಾಡಿನಲ್ಲಿ ಹರಡಲು ಶ್ರಮಿಸಿದ ಅಬ್ಬೆ ದ್ಯುಬುವಾರ ದೇವಾಲಯ ಗಂಜಾಮಿನಲ್ಲಿದೆ. ಪ್ರವಾಸಿ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ.

ಇದಕ್ಕಿಂತ ಒಳ್ಳೆಯ ರೀತಿ ಇಲ್ಲವೇ? ಇದೆ. ಜರ್ಮನಿಯ ನಗರಗಳಲ್ಲಿ ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಿಂದ ಪಾದಚಾರಿ ಹಾದಿಗಳಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳನ್ನು ಹುದುಗಿಸುತ್ತ ಬಂದಿದ್ದಾರೆ. ನಾಜಿಗಳು ಎಳೆದೊಯ್ದ ವ್ಯಕ್ತಿಯ ಮನೆಯೆದುರು ಆತನ ಹೆಸರು, ಹುಟ್ಟಿದ ವರ್ಷ, ಒಯ್ದ ವರ್ಷ, ಆಮೇಲಿನ ಗತಿ, ಇಷ್ಟೇ. ಓದಬೇಕಾದರೆ ತಲೆ ಬಾಗಿಸಬೇಕು. ಪೋಪ್ ಫ್ರಾನ್ಸಿಸರು 2016ರ ಜುಲೈನಲ್ಲಿ ಆಶ್‌ವಿಟ್ಸ್ ಯಾತನಾಶಿಬಿರಕ್ಕೆ ಹೋದಾಗ ಭಾಷಣವನ್ನೇ ಮಾಡಲಿಲ್ಲ. ದ್ವಾರದೊಳಗೆ ಒಬ್ಬರೇ ನಡೆದುಹೋಗಿ ಮೌನವಾಗಿ ಕುಳಿತರು. ಅವರಿಗೂ ಮುಂಚೆ, 2000ದ ಮಾರ್ಚ್ 12ರಂದು, ಪೋಪ್ ಎರಡನೆಯ ಜಾನ್ ಪೌಲರು ಧರ್ಮಸಭೆಯ ಮಕ್ಕಳು ಇತರರಿಗೆ ಎಸಗಿದ ಅನ್ಯಾಯಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ನಮಗಾದ ಗಾಯವನ್ನು ಹೇಳಿಕೊಳ್ಳುವವರು ನಮ್ಮಿಂದಾದದ್ದನ್ನೂ ಹೇಳಬೇಕೆಂದು ಆ ದಿನ ನಮ್ಮಲ್ಲಿ ಹಲವರಿಗೆ ಮೊದಲ ಬಾರಿಗೆ ಅನ್ನಿಸಿತು.

ಆದ್ದರಿಂದ, ಓದುಗರೇ, ನೀವು ಮಕ್ಕಳೊಡನೆ ಮಂಜರಾಬಾದಿಗೆ ಹೋಗಿ, ಖಂಡಿತ ಹೋಗಿ. ಮಳೆಗಾಲ ಬೇಡ, ಮೆಟ್ಟಿಲುಗಳು ಜಾರುತ್ತವೆ. ನಕ್ಷತ್ರದ ಆಟವನ್ನು ಆಡಿಸುವಂತೆ ಮಾರ್ಗದರ್ಶಿಯನ್ನು ಕೇಳಿಕೊಳ್ಳಿ, ಅದು ನಿಜಕ್ಕೂ ಸೊಗಸು. ಅವನು ಕೊಳದ ಬಳಿ ನಿಮ್ಮ ಕೊರಳನ್ನು ನೋಡಿ ಕಥೆ ಬದಲಿಸಿದರೆ, ಇದನ್ನು ಎಲ್ಲಿ ಓದಿದೆಯೆಂದು ಮೆಲ್ಲನೆ ಕೇಳಿ.

ನಾನು ಕೇಳಿದೆ, ತುಸು ತಡವಾಗಿ, ಎಲ್ಲರೂ ವಾಹನ ಹತ್ತಿದ ಮೇಲೆ. ಯುವಕ ನಾಚಿಕೊಂಡು ನಕ್ಕ. ಜನ ಖುಷಿಪಡುತ್ತಾರೆ ಫಾದರ್, ಅದಕ್ಕೆ, ಎಂದ. ನಾನು ಐಗೂರಿನ ನಾಯಕರ ಮಾತೆತ್ತಿದೆ. ಅವನ ನಗು ನಿಂತಿತು. ಅವನ ತಾಯಿಯ ತವರು ಐಗೂರಿನ ಪಕ್ಕದ ಊರಂತೆ. ಇಂಥವನೊಬ್ಬನಿದ್ದನೆಂದು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಕೇಳಿಲ್ಲವಂತೆ. ಜೇಬಿನಿಂದ ಫೋನ್ ತೆಗೆದು, ಗಲ್ಲಿಗೇರಿದವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡು ಬರೆದುಕೊಂಡ. ನಮ್ಮ ಚಾಲಕರು ಎಂಜಿನ್ ಆರಿಸಿ, ಇಳಿದು ಬಂದು, ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. "ಅವನನ್ನು ಹಿಡಿದ ವರ್ಷ ಯಾವುದಂದಿರಿ ಫಾದರ್?" ಎಂದರು.