ಮಾಡಿದವನು ಏಕೆ ಉಳಿದ?: ಹಳೆಯ ವಿಜ್ಞಾನಕಥಾ ಚಲನಚಿತ್ರಗಳು ಮತ್ತು ಕಿರಿಯ ಪ್ರೇಕ್ಷಕರು

ಜಾನಪದ ಅಧ್ಯಯನವು ಕಥೆಯೊಂದರ ಮೂಲ ಪಾಠವನ್ನು ಹುಡುಕುವ ಹಂಬಲವನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಒಂದು ಕಥೆಗೆ ಹತ್ತು ಪಾಠಗಳು ದೊರೆತರೆ ಹತ್ತೂ ನಮಗೆ ಸಮಾನವಾಗಿ ಸಾಚಾ. ಯಾವುದು ಮೊದಲಿನದು ಎಂಬುದಕ್ಕಿಂತ, ಯಾವ ವಕ್ತೃ ಯಾರ ಮುಂದೆ ಅದನ್ನು ಹೇಗೆ ಹೇಳಿದ ಎಂಬುದೇ ಮುಖ್ಯವಾಗುತ್ತದೆ. ಇಂಥ ಶಿಸ್ತಿನಲ್ಲಿ ಪಳಗಿದವರನ್ನು, ಇಂದಿನ ಹುಡುಗ ಹುಡುಗಿಯರು ಹಳೆಯ ವಿಜ್ಞಾನಕಥಾ ಚಲನಚಿತ್ರಗಳನ್ನು ಅರಿತಿರಬೇಕೆ ಎಂದು ಕೇಳಿದರೆ ಬರುವ ಮೊದಲ ಉತ್ತರ ‘ಬೇಕಿಲ್ಲ’ ಎಂಬುದೇ. ಅವರು ಅವುಗಳ ಮೊಮ್ಮಕ್ಕಳನ್ನು ನೋಡುತ್ತಿದ್ದಾರೆ, ಕಥೆ ಹರಿಯುತ್ತಲೇ ಇದೆ, ಅಷ್ಟು ಸಾಕು. ನಾನೂ ಬಹುಕಾಲ ಹೀಗೆಯೇ ವಾದಿಸುತ್ತಿದ್ದೆ. ಆ ನಿಲುವನ್ನು ಏಕೆ ಬದಲಿಸಿಕೊಂಡೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನನ್ನ ಊರು ಕಪನೂರ. ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಹೊರಟರೆ ಎದುರಾಗುವ ಕೈಗಾರಿಕಾ ಪ್ರದೇಶ ಮತ್ತು ಅದಕ್ಕಂಟಿಕೊಂಡ ಹಳ್ಳಿ. ತೊಗರಿಬೇಳೆಯ ಮಿಲ್ಲುಗಳ ಸದ್ದು, ಹೊಟ್ಟಿನ ಧೂಳು ಇಲ್ಲಿಯ ಬದುಕಿನ ಭಾಗ. ಸ್ಟೀವನ್ ಸ್ಪಿಲ್‌ಬರ್ಗ್‌ರ ‘ಜುರಾಸಿಕ್ ಪಾರ್ಕ್’ 1993ರಲ್ಲಿ ತೆರೆಕಂಡಿತು. ಮರುವರ್ಷ ಹಿಂದಿಗೆ ಡಬ್ ಆಗಿ ಭಾರತದ ಊರೂರುಗಳನ್ನು ತಲುಪಿತು. ಆಗ ಶಾಲಾ ಬಾಲಕನಾಗಿದ್ದ ನಾನು ನಗರದ ಚಿತ್ರಮಂದಿರವೊಂದರಲ್ಲಿ ಅದನ್ನು ಹಿಂದಿಯಲ್ಲಿ ನೋಡಿ, ರಾತ್ರಿ ಮನೆಗೆ ಬಂದು ನಮ್ಮ ಆಯಿಗೆ ಕನ್ನಡದಲ್ಲಿ ಹೇಳಿದೆ. ಆಯಿ ಅಕ್ಷರ ಬಲ್ಲವಳಲ್ಲ, ಆದರೆ ಹಂತಿಯ ಹಾಡು, ಬೀಸುವ ಪದಗಳ ಭಂಡಾರ. ದೈತ್ಯ ಪ್ರಾಣಿಗಳ ಅಬ್ಬರಕ್ಕೆ ಅವಳು ಬೆರಗಾಗಲಿಲ್ಲ. ಕಥೆ ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲೋ ತಮ್ಮಾ, ಸತ್ತ ಪ್ರಾಣಿಗಿ ಜೀವ ತಂದಾವ ಆ ಮುದುಕ. ಮಂದಿ ಸತ್ತರು. ಅಂವ್ಯಾಕ ಉಳದ?”

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ವರ್ಷಗಳ ನಂತರ ಮೈಕೆಲ್ ಕ್ರೈಟನ್‌ರ 1990ರ ಕಾದಂಬರಿಯನ್ನು ಓದಿದಾಗ ವಿಷಯ ತಿಳಿಯಿತು. ಕಾದಂಬರಿಯಲ್ಲಿ ಆ ಉದ್ಯಾನದ ಒಡೆಯ ಜಾನ್ ಹ್ಯಾಮಂಡ್ ತಾನು ಹುಟ್ಟಿಸಿದ ಸಣ್ಣ ಪ್ರಾಣಿಗಳ ಬಾಯಿಗೆ ಸಿಕ್ಕಿ ಸಾಯುತ್ತಾನೆ. ಚಿತ್ರದಲ್ಲಿ ಆತ ಮಮತೆಯ ಅಜ್ಜನಾಗಿ ಹೆಲಿಕಾಪ್ಟರ್ ಏರಿ ಹೊರಡುತ್ತಾನೆ. ಕಾದಂಬರಿಯ ಹೆಸರನ್ನೇ ಕೇಳಿರದ ಹಳ್ಳಿಯ ಮುದುಕಿಯೊಬ್ಬಳು ಚಿತ್ರದ ಪಾಠದಲ್ಲಿ ಏನು ತಪ್ಪಿಹೋಗಿದೆ ಎಂಬುದನ್ನು ಕಥಾನ್ಯಾಯದ ಬಲದಿಂದಲೇ ಗುರುತಿಸಿದ್ದಳು. ಈ ಲೇಖನದ ತಲೆಬರಹ ಆಕೆಯದೇ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಹಳೆಯ ಚಿತ್ರಗಳು ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತವೆ. ಮೇರಿ ಶೆಲ್ಲಿಯ 1818ರ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯಲ್ಲಿ ಜೀವ ಕೊಟ್ಟ ವಿಜ್ಞಾನಿ ತನ್ನ ಸೃಷ್ಟಿಯ ಬೆನ್ನುಹತ್ತಿ, ಉತ್ತರಧ್ರುವದ ಹಿಮದ ನಡುವೆ ಹಡಗೊಂದರಲ್ಲಿ ಪ್ರಾಣ ಬಿಡುತ್ತಾನೆ. ಜೇಮ್ಸ್ ವೇಲ್ ನಿರ್ದೇಶಿಸಿದ 1931ರ ಚಿತ್ರದಲ್ಲಿಯೂ ಆತ ಸಾಯುವನೆಂದೇ ಮೊದಲು ಯೋಜಿಸಲಾಗಿತ್ತು. ಕಡೆಗೆ ಅದನ್ನು ಬದಲಿಸಿ, ಆತ ಬದುಕಿದನೆಂದು ತೋರುವ ದೃಶ್ಯವೊಂದನ್ನು ಕೊನೆಗೆ ಸೇರಿಸಲಾಯಿತು. ಸುಟ್ಟುಹೋದದ್ದು ಮಾತು ಬಾರದ ಆ ಜೀವ ಮಾತ್ರ. ಶಂಕರ್ ನಿರ್ದೇಶನದ 2010ರ ತಮಿಳು ಚಿತ್ರ ‘ಎಂದಿರನ್’ನಲ್ಲಿ ಯಂತ್ರಮಾನವ ಚಿಟ್ಟಿ ತನ್ನನ್ನು ತಾನೇ ಬಿಚ್ಚಿಕೊಂಡು ಇಲ್ಲವಾಗುತ್ತಾನೆ, ವಿಜ್ಞಾನಿ ಉಳಿಯುತ್ತಾನೆ. ಇದಕ್ಕೆ ವ್ಯತಿರಿಕ್ತವಾದ ಪಾಠವೂ ಉಂಟು. ರಿಡ್ಲಿ ಸ್ಕಾಟ್‌ರ 1982ರ ‘ಬ್ಲೇಡ್ ರನ್ನರ್’ನಲ್ಲಿ ಸೃಷ್ಟಿಯು ಸೃಷ್ಟಿಕರ್ತನನ್ನು ಹುಡುಕಿಕೊಂಡು ಬಂದು, ತನ್ನ ಆಯುಷ್ಯವನ್ನು ಹೆಚ್ಚಿಸೆಂದು ಕೇಳಿ, ಕೊನೆಗೆ ಅವನನ್ನು ಕೊಲ್ಲುತ್ತದೆ. ‘ಎಂದಿರನ್’ ಒಂದನ್ನೇ ನೋಡಿದ ಹುಡುಗನಿಗೆ ವಿಜ್ಞಾನಿ ಉಳಿದದ್ದು ಸಹಜವೆನಿಸುತ್ತದೆ. ನಾಲ್ಕನ್ನೂ ನೋಡಿದವನಿಗೆ ಅದು ಯಾರೋ ಮಾಡಿದ ಆಯ್ಕೆ ಎಂದು ಹೊಳೆಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೌಖಿಕ ಪರಂಪರೆಯಲ್ಲಿ ಹಿಂದಿನ ನಿರೂಪಣೆ ನಿರೂಪಕನೊಂದಿಗೇ ಕರಗಿಹೋಗುತ್ತದೆ. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬದಲಿಸಿದಳೆಂದು ದೂರಲು ಅಜ್ಜಿ ಇರುವುದಿಲ್ಲ. ಚಲನಚಿತ್ರದಲ್ಲಿ ಹಾಗಲ್ಲ. ಮೊದಲು ಹೇಳಿದವನು ಇಂದಿಗೂ ಅದೇ ದನಿಯಲ್ಲಿ ಹೇಳುತ್ತಿದ್ದಾನೆ, ಅವನ ಪಕ್ಕದಲ್ಲಿಯೇ ಹೊಸಬನೂ ಹೇಳುತ್ತಿದ್ದಾನೆ. ಪಾಠಾಂತರಗಳನ್ನು ಸಾಲಾಗಿಟ್ಟು ಹೋಲಿಸಲು ನಮ್ಮಂಥವರು ಊರೂರು ತಿರುಗಿ ಪಡುವ ಪಾಡು ಇಲ್ಲಿ ಬೇಕಿಲ್ಲ. ಇಂಥ ಅನುಕೂಲ ಕೈಯಲ್ಲಿರುವಾಗ, ಕಥೆ ಹೇಗೂ ಹರಿಯುತ್ತದೆ ಎಂದು ಸುಮ್ಮನಿರುವುದು ಸೋಮಾರಿತನವೆಂದು ಈಗ ನನಗೆ ಅನ್ನಿಸಿದೆ. ಹಳೆಯವು ಶ್ರೇಷ್ಠ, ಆದ್ದರಿಂದ ನೋಡಬೇಕು ಎಂಬ ಹಿರಿಯರ ವಾದವನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ತಮ್ಮ ಯೌವನದ ಮೇಲಿನ ಮೋಹವೇ ಹೆಚ್ಚು. ಸ್ಟ್ಯಾನ್ಲಿ ಕ್ಯೂಬ್ರಿಕ್‌ರ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಮೊದಲ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಒಂದೂ ಮಾತಿಲ್ಲ. ಹದಿನಾಲ್ಕರ ಹುಡುಗನನ್ನು ಮೊದಲಿಗೇ ಅದರ ಮುಂದೆ ಕೂರಿಸಿ, ಅವನು ಆಕಳಿಸಿದನೆಂದು ಬೈಯುವವರನ್ನು ಕಂಡಿದ್ದೇನೆ.

‘ಇದೆಲ್ಲ ನಮ್ಮ ಪುರಾಣಗಳಲ್ಲಿ ಆಗಲೇ ಇತ್ತು’ ಎಂಬ ಇನ್ನೊಂದು ವಾದವೂ ನಮ್ಮ ವಿಚಾರ ಸಂಕಿರಣಗಳಲ್ಲಿ ಆಗಾಗ ಕೇಳಿಬರುತ್ತದೆ. ಭಸ್ಮಾಸುರನ ಪ್ರಸಂಗವನ್ನು ಇದಕ್ಕೆ ಸಾಕ್ಷಿಯಾಗಿ ಒಡ್ಡುತ್ತಾರೆ. ಆಶಯದ ಮಟ್ಟದಲ್ಲಿ ಹೋಲಿಕೆ ನಿಜ. ಆದರೆ ಭಸ್ಮಾಸುರನ ಶಕ್ತಿ ವರದಿಂದ ಬಂದದ್ದು. ಕೊಟ್ಟವನು ದೇವರು, ಅವನನ್ನು ಲೆಕ್ಕ ಕೇಳುವವರಿಲ್ಲ, ಅವನನ್ನು ಉಳಿಸಲು ಮೋಹಿನಿ ಬರುತ್ತಾಳೆ. ವಿಜ್ಞಾನಕಥೆಯಲ್ಲಿ ಅಸಾಧ್ಯವನ್ನು ಸಾಧ್ಯ ಮಾಡುವುದು ಮನುಷ್ಯ ಮಾಡಿದ ವಸ್ತು. ಅದಕ್ಕೆ ಹಣ ಹೂಡಿದವನಿದ್ದಾನೆ, ದುಡಿದವನಿದ್ದಾನೆ. ಆದ್ದರಿಂದಲೇ ಅಲ್ಲಿ ಲೆಕ್ಕ ಕೇಳಲು ಬರುತ್ತದೆ. ‘ರೋಬೋ’ ಎಂದು ನಾವು ಸಲೀಸಾಗಿ ಬಳಸುವ ಪದವು ಕಾರೆಲ್ ಚಾಪೆಕ್‌ನ 1920ರ ಚೆಕ್ ನಾಟಕ ‘ಆರ್.ಯು.ಆರ್.’ನಿಂದ ಬಂದದ್ದು. ಅದರ ಬೇರು ‘ರೊಬೊಟಾ’ ಎಂಬ ಪದದಲ್ಲಿದೆ, ಅರ್ಥ ಬಿಟ್ಟಿ ದುಡಿಮೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯ ಹಿರಿಯರಿಗೆ ‘ಬಿಟ್ಟಿಬೇಗಾರಿ’ ಎಂದರೆ ಏನೆಂದು ವಿವರಿಸಬೇಕಾಗಿರಲಿಲ್ಲ. ಯಂತ್ರಮಾನವನನ್ನು ಚೆಲುವಾದ ಆಟಿಕೆಯೆಂದು ಬಗೆದಿರುವ ಇಂದಿನ ಮಕ್ಕಳಿಗೆ ವಿವರಿಸಬೇಕಾಗುತ್ತದೆ.

ಹಾಗಾದರೆ ನಮ್ಮ ಮಕ್ಕಳು ಈ ಚಿತ್ರಗಳನ್ನು ಏಕೆ ನೋಡಿಲ್ಲ? ಆಸಕ್ತಿಯಿಲ್ಲವೆಂದು ಅವರನ್ನು ಹಳಿಯುವ ಮುನ್ನ ಭಾಷೆಯ ಇತಿಹಾಸವನ್ನು ಗಮನಿಸಬೇಕು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರು ಡಬ್ಬಿಂಗ್ ವಿರುದ್ಧ ದನಿಯೆತ್ತಿದಾಗ ಕನ್ನಡ ಚಿತ್ರರಂಗವಿನ್ನೂ ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿತ್ತು. ಅಂದಿನ ಸಂದರ್ಭದಲ್ಲಿ ಅದು ನ್ಯಾಯವಾದ ಹೋರಾಟ. ಆದರೆ ಆ ತಡೆ ಸರಿಸುಮಾರು ಅರ್ಧ ಶತಮಾನ ಮುಂದುವರಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆದ ಸಂಸ್ಥೆಗಳ ವಿರುದ್ಧ ಆದೇಶ ನೀಡಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. 2022ರಲ್ಲಿ ‘ಅವತಾರ್’ ಸರಣಿಯ ಎರಡನೆಯ ಚಿತ್ರ ಕನ್ನಡದಲ್ಲಿಯೂ ಬಂತು. ನಡುವಿನ ಆ ಐದು ದಶಕಗಳಲ್ಲಿ ಇಂಗ್ಲಿಷ್ ಬಲ್ಲವರು ಎಲ್ಲವನ್ನೂ ನೋಡಿದರು. ಕಲಬುರಗಿಯ ಹುಡುಗರು ಹಿಂದಿಯಲ್ಲೋ ತೆಲುಗಿನಲ್ಲೋ ಸಿಕ್ಕಿದ್ದನ್ನು ನೋಡಿದರು. ಬರೇ ಕನ್ನಡ ಬಲ್ಲವರ ಪಾಲಿಗೆ ಈ ಪ್ರಕಾರವೇ ಇರಲಿಲ್ಲ. ಹೋರಾಟದ ಬೆಲೆಯನ್ನು ತೆತ್ತವರಲ್ಲಿ ಇವರೂ ಇದ್ದರು ಎಂಬುದನ್ನು ನಮ್ಮ ಚಲನಚಿತ್ರ ಚರಿತ್ರೆಗಳು ದಾಖಲಿಸಬೇಕು.

ಇದರ ಒಂದು ವಿಚಿತ್ರ ಫಲವನ್ನು ಇಲ್ಲಿಯೇ ಹೇಳಬಹುದು. ನಮ್ಮ ಭಾಗದ ಅನೇಕರ ಮೊದಲ ಕಾಲಯಂತ್ರ ‘ಆದಿತ್ಯ 369’ ಎಂಬ 1991ರ ತೆಲುಗು ಚಿತ್ರದ್ದು. ಅದರ ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಅವರನ್ನು ಕನ್ನಡಿಗರು ‘ಹಾಲು ಜೇನು’ ಚಿತ್ರದಿಂದ ಬಲ್ಲರು. ಆ ಕಾಲಯಂತ್ರ ಹೋಗಿ ಇಳಿಯುವುದು ಕೃಷ್ಣದೇವರಾಯನ ವಿಜಯನಗರದಲ್ಲಿ! ನಮ್ಮ ನೆಲದ ಹಂಪಿಗೆ ತೆಲುಗು ಯಂತ್ರ ಬಂದುಹೋಯಿತು. ಕನ್ನಡದಲ್ಲಿ ಯಂತ್ರಮಾನವನ ಕಥೆಯನ್ನು ಹೇಳಿದ ‘ಹಾಲಿವುಡ್’ ಬಂದದ್ದು 2002ರಲ್ಲಿ, ಅದೂ ಅಮೆರಿಕದ ಹಿನ್ನೆಲೆಯಲ್ಲಿ. ಉಪೇಂದ್ರ ಬರೆದು ಅಭಿನಯಿಸಿದ, ದಿನೇಶ್ ಬಾಬು ನಿರ್ದೇಶಿಸಿದ ಆ ಪ್ರಯತ್ನ ಸಣ್ಣದಲ್ಲ. ಆದರೂ ಅದಕ್ಕೆ ಮುಂಚಿನ ಮನೆತನವಿರಲಿಲ್ಲ. ‘ಬ್ಲಿಂಕ್’ನಂಥ 2024ರ ಚಿತ್ರ ಕಾಲಪ್ರಯಾಣವನ್ನು ಕನ್ನಡದ ಮನೆಯೊಳಗಿನ ಸಂಗತಿಯಾಗಿಸಿರುವುದನ್ನು ನೋಡಿದರೆ ಆ ಕೊರತೆ ನಿಧಾನವಾಗಿ ತುಂಬುತ್ತಿರುವಂತಿದೆ.

ಭಾಷೆಯ ಈ ಗೋಡೆಗೆ ಒಂದು ಹಳೆಯ ಕಿಂಡಿಯಿದೆ, ಅದು ಮೂಕಿ ಚಿತ್ರ. ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಬಳಿಕ ಹಂಚಿಕೆದಾರರು ಅದನ್ನು ಕತ್ತರಿಸಿದರು, ಸುಮಾರು ಕಾಲುಭಾಗ ಕಳೆದೇಹೋಯಿತು. 2008ರಲ್ಲಿ ದೂರದ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ಬಹುಪಾಲು ಪೂರ್ಣವಾದ ಪ್ರತಿಯೊಂದು ಸಿಕ್ಕಿ, 2010ರಲ್ಲಿ ಪುನಾರಚಿತ ಚಿತ್ರ ತೆರೆಗೆ ಬಂತು. ಕಳೆದುಹೋದ ಪಾಠವೊಂದು ಬೇರೊಂದು ಖಂಡದಲ್ಲಿ ದೊರೆಯುವ ಸುಖವನ್ನು ಕ್ಷೇತ್ರಕಾರ್ಯ ಮಾಡಿದವರು ಬಲ್ಲರು. ಈ ಚಿತ್ರವನ್ನು ಕಪನೂರಿನ ಇಪ್ಪತ್ತು ಇಪ್ಪತ್ತೈದು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಂಜೆ ತೋರಿಸಿದೆ. ತೊಗಲುಗೊಂಬೆಯಾಟದ ಪರದೆಯ ಹಿಂದೆ ಕಿಳ್ಳೇಕ್ಯಾತರು ಕಥೆ ನಡೆಸುವಂತೆ, ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಬದಿಗೆ ನಿಂತು ಕಥೆ ಹೇಳುವವರಿದ್ದರು. ಅವರಂತೆ ನಾನೂ ನಿಂತು ನಮ್ಮ ಕಡೆಯ ಕನ್ನಡದಲ್ಲಿಯೇ ಹೇಳುತ್ತ ಹೋದೆ.

ಮೊದಮೊದಲು ನಗೆ ಕೇಳಿತು. ನಾಯಕನ ಅತಿಯಾದ ಅಂಗಚಲನೆ ಯಾರಿಗಾದರೂ ನಗು ತರಿಸುವಂಥದೇ. ಪಾಳಿ ಬದಲಾಗುವಾಗ ತಲೆ ತಗ್ಗಿಸಿ ಸಾಲುಗಟ್ಟಿ ಒಳಹೋಗುವ, ಹೊರಬರುವ ಕಾರ್ಮಿಕರ ದೃಶ್ಯಕ್ಕೆ ನಗು ನಿಂತಿತು. ಮುಂದೆ ಯಂತ್ರವೊಂದು ಸ್ಫೋಟಿಸಿ, ಅದು ನಾಯಕನ ಕಣ್ಣಿಗೆ ಬಾಯ್ದೆರೆದ ಮೊಲೊಕ್ ಎಂಬ ನರಭಕ್ಷಕ ದೈವವಾಗಿ ತೋರುತ್ತದೆ, ಮನುಷ್ಯರು ಮೆಟ್ಟಿಲೇರಿ ಅದರ ಬಾಯಿಗೆ ಬೀಳುತ್ತಾರೆ. ಅಲ್ಲಿ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ “ಸರ್, ಇದು ಕೆರೆಗೆ ಹಾರ” ಎಂದಳು. ನಾನು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಯಲ್ಲಿ ಆ ಹೋಲಿಕೆ ಇರಲಿಲ್ಲ. ನೀರು ಬೀಳದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಕೊಟ್ಟ ಆ ಕಥನಗೀತೆಯನ್ನು ನಾವು ತ್ಯಾಗದ ಕಥೆಯೆಂದು ಕಲಿಸುತ್ತ ಬಂದಿದ್ದೇವೆ. ಕೆರೆ ಕಟ್ಟಿಸಿದ ಮಾವನೂ ಕೊನೆಯಲ್ಲಿ ಉಳಿಯುತ್ತಾನೆ ಎಂಬುದನ್ನು ನಾನು ಹಲವು ವರ್ಷ ಪಾಠ ಹೇಳಿಯೂ ಗಮನಿಸಿರಲಿಲ್ಲ. ಹೋಗುವುದು ಸೊಸೆ, ಅವಳ ಹಿಂದೆ ಅವಳ ಗಂಡ. ಜರ್ಮನಿಯ ಚಿತ್ರವೊಂದು ಕಪನೂರಿನಲ್ಲಿ ನಮ್ಮದೇ ಹಾಡಿನ ಓದನ್ನು ಬದಲಿಸಿತು.

ಚಿತ್ರ ಮುಗಿದ ಮೇಲೆ ಅವಳೇ ಇನ್ನೊಂದು ಮಾತು ಹೇಳಿದಳು. ಅವಳ ತಾಯಿ ಬೇಳೆ ಮಿಲ್ಲಿನಲ್ಲಿ ಕಲ್ಲು, ಕರಿಕಾಳು ಆರಿಸುವ ಕೆಲಸಕ್ಕಿದ್ದರಂತೆ. ಕಾಳಿನ ಬಣ್ಣವನ್ನು ಕ್ಯಾಮೆರಾದಿಂದ ಗುರುತಿಸಿ ಕೆಟ್ಟದ್ದನ್ನು ಗಾಳಿಯಿಂದ ಹಾರಿಸುವ ಯಂತ್ರ ಬಂದ ಮೇಲೆ ಆ ಕೆಲಸ ಹೋಯಿತು. “ಅವ್ವ ಆ ಮಷಿನ್‌ಗೆ ಬೈತಾಳ ಸರ್, ತಂದವರಿಗೆ ಬೈಯಂಗಿಲ್ಲ” ಎಂದಳು. ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ನಡೆಯುವ ಚರ್ಚೆಗಳಲ್ಲಿಯೂ ಬೈಗುಳ ಬೀಳುವುದು ಹೆಚ್ಚಾಗಿ ಯಂತ್ರಕ್ಕೇ ಎಂಬುದನ್ನು ಗಮನಿಸಬಹುದು.

‘ಮೆಟ್ರೊಪೊಲಿಸ್’ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತದೆ ಎಂದು ನಾನು ಹೇಳಲಾರೆ. ಯಂತ್ರಸ್ತ್ರೀಯನ್ನು ಮಾಡಿದ ವಿಜ್ಞಾನಿ ರೊಟ್‌ವಾಂಗ್ ಚರ್ಚಿನ ಮೇಲಿಂದ ಬಿದ್ದು ಸಾಯುತ್ತಾನೆ. ಮಾಡಿಸಿದ ಒಡೆಯ ಫ್ರೆಡರ್ಸನ್ ಕಾರ್ಮಿಕರ ಮುಖಂಡನ ಕೈಕುಲುಕುತ್ತಾನೆ, ಕಥೆ ಮುಗಿಯುತ್ತದೆ. ಎಚ್.ಜಿ. ವೆಲ್ಸ್ ಈ ಚಿತ್ರವನ್ನು 1927ರಲ್ಲಿಯೇ ಕಟುವಾಗಿ ಟೀಕಿಸಿದ್ದರು. ಲಾಂಗ್ ಕೂಡ ಆ ಮುಕ್ತಾಯವನ್ನು ಮುಂದೆ ಮೆಚ್ಚಲಿಲ್ಲ. ಹಳೆಯ ಚಿತ್ರವೊಂದು ದೋಷರಹಿತವಾಗಿರಬೇಕಿಲ್ಲ. ಅದರ ದೋಷ ಎಲ್ಲಿದೆ ಎಂದು ಕಿರಿಯರು ಬೆರಳು ತೋರುವಂತಾದರೆ ಅವರು ಅದನ್ನು ಅರಿತಂತೆ.

ಭಾರತೀಯ ಕಾಯಿದೆಯ ಪ್ರಕಾರ ಚಲನಚಿತ್ರವೊಂದರ ಹಕ್ಕುಸ್ವಾಮ್ಯ ಪ್ರಕಟಣೆಯಿಂದ 60 ವರ್ಷ. ‘ಮೆಟ್ರೊಪೊಲಿಸ್’ನ ಮೂಲ ಚಿತ್ರವೂ 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರವೂ ಆ ಅವಧಿಯನ್ನು ದಾಟಿವೆ. ಇವುಗಳಿಗೆ ಕನ್ನಡದ ನಿರೂಪಣೆ ಸಿದ್ಧಪಡಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ವಹಿಸಿಕೊಳ್ಳಬಹುದು, ಏಕೆಂದರೆ ಕಥೆ ಹೇಳಬಲ್ಲವರು ಎಲ್ಲಿದ್ದಾರೆಂದು ತಿಳಿದಿರುವುದು ಅವುಗಳಿಗೇ. ಕಮಲಾಪುರದಲ್ಲಿ ‘ಮೆಟ್ರೊಪೊಲಿಸ್’ನ ಎರಡನೆಯ ಪ್ರದರ್ಶನಕ್ಕೆ ನಾನು ತೆರೆಯ ಪಕ್ಕ ನಿಲ್ಲಲಿಲ್ಲ, ಆ ವಿದ್ಯಾರ್ಥಿನಿಯೇ ನಿಂತಳು. ಕೈಕುಲುಕುವ ದೃಶ್ಯದವರೆಗೆ ನನ್ನ ನಿರೂಪಣೆಯನ್ನೇ ಹೆಚ್ಚುಕಡಿಮೆ ಅನುಸರಿಸಿದಳು. ಅಲ್ಲಿ ಮಾತ್ರ, ಒಡೆಯ ಕೈ ಚಾಚಿದ್ದು ನಾಳೆಯ ಪಾಳಿಗೆ ಆಳು ಬೇಕಾಗಿದ್ದರಿಂದ ಎಂದು ತನ್ನದೊಂದು ಮಾತು ಸೇರಿಸಿದಳು.