ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ಮೃಗಗಳು

ಬೆಂಗಳೂರಿನಿಂದ ಬೆಳಗ್ಗೆ ಹೊರಟವರು ಹಿಂದೂಪುರದ ಮಾರ್ಗವಾಗಿ ಲೇಪಾಕ್ಷಿಯನ್ನು ಸೇರಿ, ವೀರಭದ್ರ ದೇವಾಲಯವನ್ನು ನೋಡಿ, ರಾತ್ರಿಯೂಟದ ಹೊತ್ತಿಗೆ ಮನೆಗೆ ಮರಳಬಹುದು. ಊರು ಆಂಧ್ರದ ಸೀಮೆಯಲ್ಲಿದ್ದರೂ ದೇವಾಲಯದ ಪ್ರಾಕಾರದ ಮೇಲೆ ಕನ್ನಡ ಶಾಸನಗಳುಂಟು. ಕನ್ನಡಿಗರಿಗೆ ಅದು ಪರಸ್ಥಳವಲ್ಲ. ಯಾತ್ರಿಕರು ಬಹುಮಟ್ಟಿಗೆ ಏಕಶಿಲೆಯ ಬೃಹನ್ನಂದಿಯನ್ನು ಕಂಡು, ನೆಲಕ್ಕೆ ಪೂರ್ತಿಯಾಗಿ ಊರದ ಕಂಬದ ಅಡಿಯಲ್ಲಿ ಬಟ್ಟೆಯನ್ನು ಹಾಯಿಸಿ, ತೃಪ್ತರಾಗಿ ಹಿಂದಿರುಗುವರು. ಆದರೆ ಆ ಸ್ಥಳದ ನಿಜವಾದ ಐಶ್ವರ್ಯವಿರುವುದು ತಲೆಯ ಮೇಲೆ, ಮಂಟಪಗಳ ಛಾವಣಿಯಲ್ಲಿ.

ಪ್ರಾಣಿಲೋಕಕ್ಕೂ ಈ ಕ್ಷೇತ್ರಕ್ಕೂ ನಂಟು ಹಳೆಯದು. ದೇವಾಲಯ ನಿಂತಿರುವ ಗುಡ್ಡಕ್ಕೆ ಕೂರ್ಮಶೈಲವೆಂದು ಹೆಸರು. ಊರಿನ ಹೆಸರನ್ನು ಜನರು ಜಟಾಯುವಿನ ಕಥೆಯೊಡನೆ ಕೂಡಿಸುವರು. ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529–1542) ವಿರೂಪಣ್ಣನು ಕಟ್ಟಿಸಿದ ಈ ಗುಡಿಯಲ್ಲಿ ಚಿತ್ರಕಾರರು ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು, ಹಳದಿ, ಕಪ್ಪು, ಬಿಳುಪುಗಳನ್ನೇ ಮುಖ್ಯವಾಗಿ ನೆಚ್ಚಿ ಪುರಾಣಕಥೆಗಳನ್ನು ಬರೆದರು.

ಅವುಗಳಲ್ಲಿ ಕಿರಾತಾರ್ಜುನ ಪ್ರಸಂಗದ ಹಂದಿ ಮೊದಲ ಮನ್ನಣೆಗೆ ತಕ್ಕುದು. ಈ ಚಿತ್ರಗಳ ಮನುಷ್ಯರೆಲ್ಲ ಒಂದು ಕಟ್ಟಿಗೆ ಒಳಪಟ್ಟವರು: ಪಾರ್ಶ್ವಮುಖ, ನೀಳವಾದ ಮೂಗು, ಅಗಲಗಣ್ಣು, ಎತ್ತರದ ಕುಲಾವಿ, ವಿಚಿತ್ರ ವಿನ್ಯಾಸದ ವಸ್ತ್ರ. ಅವರು ಕಾಡಿಗೆ ಬಂದರೂ ಆಸ್ಥಾನವನ್ನು ಮರೆತವರಲ್ಲ. ಹಂದಿಗಾದರೋ ಅಂತಹ ಮರ್ಯಾದೆಯ ಬಂಧನವಿಲ್ಲ. ಅದರ ಮೈಯ ಭಾರವೂ ನುಗ್ಗುವ ವೇಗವೂ ಚಿತ್ರಕಾರನ ರೇಖೆಗೆ ಬಿಡುಗಡೆಯನ್ನು ಕೊಟ್ಟಿವೆ. ರಾಜಸಭೆಯ ನಿಯಮ ಎಲ್ಲಿ ಮುಗಿಯಿತೋ ಅಲ್ಲಿ ಅವನ ಕಣ್ಣು ತನ್ನ ಸ್ವಂತ ಕೆಲಸವನ್ನು ಮಾಡಿತು.

ಅದು ಮೂಕಾಸುರ, ಕಾಡುಹಂದಿಯಲ್ಲ. ಇದನ್ನು ಮೃಗಚಿತ್ರವೆನ್ನುವುದು ಸಲ್ಲದೆಂದು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಬಲವಿದೆ. ಮೃಗವನ್ನು ಮೃಗವೆಂದೇ ಬರೆಯುವ ಉದ್ದೇಶ ಆ ಕಾಲದ ಗುಡಿಯ ಚಿತ್ರಕಾರನಿಗೆ ಇರಲಿಲ್ಲ. ಆದರೆ ಬೆಳೆಯನ್ನು ಹಾಳುಮಾಡುವ ಹಂದಿಯನ್ನು ಕಂಡು ಬಲ್ಲ ಸೀಮೆಯಲ್ಲಿ ಅಸುರನಿಗೆ ನಂಬುವಂತಹ ಒಡಲನ್ನು ಕೊಡಬೇಕಾದರೆ ನಿಜವಾದ ಮೃಗವನ್ನೇ ಅರಿತಿರಬೇಕು. ಕಥೆ ಪುರಾಣದ್ದು, ನೋಟ ಹೊಲದ ಅಂಚಿನದು.

ಮನುನೀತಿ ಚೋಳನ ಕಥೆಯ ಹಸುವಿನ ರೀತಿ ಬೇರೆ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ ತಾಯಿ ಅರಮನೆಯ ಗಂಟೆಯನ್ನು ಬಾರಿಸಿ ನ್ಯಾಯ ಬೇಡುವುದು. ಇಲ್ಲಿ ಶಕ್ತಿಯಿರುವುದು ರೇಖೆಗಿಂತ ಪ್ರಸಂಗದಲ್ಲಿ: ಮೂಕಪ್ರಾಣಿ ವಾದಿಯಾಗಿ ನಿಂತಿದೆ, ಅರಸನು ಉತ್ತರ ಹೇಳಬೇಕಾಗಿದೆ. ಹಂದಿಯಲ್ಲಿ ಪ್ರಾಣಿಯ ಚೈತನ್ಯ, ಹಸುವಿನಲ್ಲಿ ಪ್ರಾಣಿಯ ಹಕ್ಕು. ಇವೆರಡನ್ನೂ ಒಂದೇ ಗುಡಿಯ ಛಾವಣಿ ಧರಿಸಿರುವುದು ಅಲ್ಪವಾದ ಸಂಗತಿಯಲ್ಲ.

2022ರಲ್ಲಿ ಈ ದೇವಾಲಯವೂ ನಂದಿಯೂ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ಗೌರವ ಸಂತೋಷಕರ, ಆದರೆ ಬಣ್ಣ ಮಾಸಿದೆ, ಗಾರೆ ಅಲ್ಲಲ್ಲಿ ಉದುರಿದೆ. ಕಲ್ಲಿನ ನಂದಿ ಶತಮಾನಗಳನ್ನು ತಾಳಬಲ್ಲುದು. ಗಾರೆಯ ಹಂದಿಗೆ ಆ ಆಯುಸ್ಸಿಲ್ಲ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಗೃಹಸ್ಥರು ಕಂಬಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಛಾವಣಿಗೆ ಕೊಡಲಿ. ನೋಡುವವರಿಲ್ಲದ ಚಿತ್ರಕ್ಕೆ ಕಾಪಾಡುವವರೂ ಬಹುಕಾಲ ದೊರೆಯರು.